ಅಕ್ಷರಕ್ಕೂ ಮುಂಚಿನ ಮಾತು

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿಯ ಆಶಯ ಮಕ್ಕಳ ಶಿಕ್ಷಣ. ಅದು ದೊಡ್ಡ ವಿಷಯ. ನಾನು ಅದರ ಒಂದು ತುದಿಯನ್ನು ಮಾತ್ರ ಹಿಡಿದುಕೊಂಡಿದ್ದೇನೆ: ಒಂದನೇ ತರಗತಿಗೆ ಸೇರುವ ಮುಂಚಿನ ವರ್ಷಗಳು, ಅದರಲ್ಲೂ ಮೂರರಿಂದ ಆರರವರೆಗೆ. ಊರೂ ಇದೇ ಸೀಮೆ. ಕೊಳ್ಳೇಗಾಲ, ಹನೂರು, ಯಳಂದೂರು. ನಾನು ಹೇಳಬೇಕೆಂದಿರುವುದು ಇಷ್ಟು. ಈ ಮೂರು ತಾಲ್ಲೂಕುಗಳ ಮಗು ಭಾಷೆಯಲ್ಲಿ ಬಡವಾಗಿ ಹುಟ್ಟುವುದಿಲ್ಲ. ಮನೆಯಿಂದ ಹೊತ್ತು ತಂದ ಮಾತು, ಕತೆ, ಆಟಗಳನ್ನು ಹೊಸಿಲಾಚೆ ಇಳಿಸಿ ಬಾ ಎಂದು ನಾವೇ ಹೇಳಿ, ಅದರ ಕೈಗೆ ಬಳಪ ಕೊಡುತ್ತೇವೆ. ಆಮೇಲೆ ಮೂರನೇ ತರಗತಿಗೆ ಬಂದರೂ ಓದಲು ಬರುವುದಿಲ್ಲ ಎಂದು ಮಗುವನ್ನೇ ದೂರುತ್ತೇವೆ.

ಈ ಸೀಮೆಯ ಭಾಷಾ ಸಂಪತ್ತು ಎಂಥದ್ದು ಎಂಬುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕತೆಯನ್ನು ಸಾಲು ಸಾಲಾಗಿ ರಾತ್ರಿಯಿಡೀ ಹಾಡುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಒಂದೊಂದೂ ಗಂಟೆಗಟ್ಟಲೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯನ್ನು, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿದ ಸಿದ್ದಪ್ಪಾಜಿಯನ್ನು ಹಾಡುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಅವ್ವನ ತೊಡೆಯ ಮೇಲೆ ಮಲಗಿ ಕೇಳುವ ನಾಲ್ಕು ವರ್ಷದ ಕೂಸಿಗೆ ಕತೆ ಪೂರಾ ತಿಳಿಯುವುದಿಲ್ಲ. ನಡುವೆ ನಿದ್ದೆ ಹೋಗುತ್ತದೆ, ಮತ್ತೆ ಎಚ್ಚರಾಗುತ್ತದೆ, ಆಗಲೂ ಕತೆ ನಡೆಯುತ್ತಿರುತ್ತದೆ. ಆದರೆ ಹಿಮ್ಮೇಳದವರು ಸೊಲ್ಲು ಎತ್ತುವ ಜಾಗ ಅದಕ್ಕೆ ಗೊತ್ತಾಗಿಬಿಡುತ್ತದೆ. ಸೊಲ್ಲು ಬಂದ ಕೂಡಲೇ ಅದರ ತುಟಿಯೂ ಅಲ್ಲಾಡುತ್ತದೆ. ಮುಂದೆ ಏನು ಬರುತ್ತದೆ ಎಂದು ಮೊದಲೇ ಊಹಿಸುವುದು, ಮರಳಿ ಮರಳಿ ಬರುವ ಮಾತನ್ನು ಹಿಡಿಯುವುದು, ನಡುವೆ ತಪ್ಪಿಹೋದ ಎಳೆಯನ್ನು ಮತ್ತೆ ಕೂಡಿಸಿಕೊಳ್ಳುವುದು: ಓದುವವನು ಮಾಡುವ ಕೆಲಸಗಳೂ ಇವೇ. ಜಗತ್ತಿನ ಒಳ್ಳೆಯ ಚಿತ್ರಪುಸ್ತಕಗಳನ್ನು ಬರೆದವರು ಪುಟಕ್ಕೊಮ್ಮೆ ಅದೇ ವಾಕ್ಯವನ್ನು ತಂದು ಮಗುವಿನಿಂದ ಹೇಳಿಸುತ್ತಾರೆ. ನಮ್ಮ ಗುಡ್ಡರು ಈ ಕೆಲಸವನ್ನು ಪುಸ್ತಕವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಅಂಥ ಊರಿನ ಅಂಗನವಾಡಿಗೆ ಒಬ್ಬ ಕಂಸಾಳೆಯವರನ್ನು ಕರೆಸಿ ಅರ್ಧ ಗಂಟೆ ಕೂರಿಸಬೇಕೆಂದು ನಮಗೆ ಹೊಳೆಯುವುದಿಲ್ಲ. ಗೋಡೆಗೆ ಸ್ಟ್ರಾಬೆರಿಯ ಪಟ ಅಂಟಿಸುತ್ತೇವೆ.

ಮಾತಿನ ಶೈಲಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಮಗು 'ಆಲು' ಎನ್ನುತ್ತದೆ, 'ಅಸ' ಎನ್ನುತ್ತದೆ, 'ನಮ್ಮವ್ವ ಬಂದವ್ಳ' ಎನ್ನುತ್ತದೆ. ಮೊದಲ ದಿನವೇ ತಿದ್ದುವ ದೊಡ್ಡವರಿದ್ದಾರೆ. ಎರಡು ಸಲ ತಿದ್ದಿಸಿಕೊಂಡ ಮಗು ಮೂರನೆಯ ಸಲ ಬಾಯಿ ಬಿಡುವುದಿಲ್ಲ. ಇದೇ ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಶ್ವವಿದ್ಯಾಲಯದ ತರಗತಿಯಲ್ಲಿ ಗೌರವದಿಂದ ಓದಿಸುವ ಭಾಷೆಯನ್ನು ಮೂರು ವರ್ಷದ ಮಗುವಿನ ಬಾಯಲ್ಲಿ ತಪ್ಪು ಎಂದು ಹೊಡೆದು ಹಾಕುವುದು ನ್ಯಾಯವಲ್ಲ. ಗ್ರಂಥಸ್ಥ ಕನ್ನಡ ಬೇಕು, ಖಂಡಿತ ಬೇಕು. ಮಗು 'ಆಲು ಚೆಲ್ಲೋಯ್ತು' ಎಂದಾಗ 'ಹೌದಾ, ಹಾಲು ಚೆಲ್ಲಿಹೋಯಿತಾ? ಎಲ್ಲಿ?' ಎಂದು ಕೇಳಿದರೆ ಸಾಕು. ಎರಡು ರೂಪವೂ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ.

ಕನ್ನಡವೇ ಮನೆಮಾತಲ್ಲದ ಮಕ್ಕಳೂ ಇಲ್ಲಿ ಕಡಿಮೆಯಿಲ್ಲ. 1956ರವರೆಗೆ ಕೊಳ್ಳೇಗಾಲ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಗಡಿ ಭೂಪಟದಲ್ಲಿ ಸರಿಯಿತು, ಮನೆಗಳಲ್ಲಿ ಸರಿಯಲಿಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ತಮಿಳು, ಒಡೆಯರಪಾಳ್ಯದ ನಿರಾಶ್ರಿತರ ಶಿಬಿರದಲ್ಲಿ ಟಿಬೆಟನ್, ಕೊಳ್ಳೇಗಾಲ ಪೇಟೆಯಲ್ಲಿ ಉರ್ದು, ಬಿಳಿಗಿರಿರಂಗನ ಬೆಟ್ಟದ ಪೋಡುಗಳೆಂಬ ಹಾಡಿಗಳಲ್ಲಿ ಸೋಲಿಗರ ನುಡಿ. ಯುನೆಸ್ಕೊ 1953ರಷ್ಟು ಹಿಂದೆಯೇ ಮಗುವಿನ ಮೊದಲ ಕಲಿಕೆ ತಾಯ್ನುಡಿಯಲ್ಲಿ ನಡೆಯಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತನ್ನೇ ಹಿಡಿದಿದೆ. ಆ ನೀತಿಯ ಬೇರೆ ಅಂಶಗಳ ಮೇಲಿನ ಜಗಳ ಬೇರೆ ಇರಲಿ, ಈ ಮಾತು ಸರಿ. ನಮ್ಮ ರಾಜ್ಯ ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಮಾಧ್ಯಮವನ್ನು ಕಡ್ಡಾಯ ಮಾಡಲು ಹೋಗಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ ಅಂಗನವಾಡಿಯಲ್ಲಿ ಮಗುವನ್ನು ಅದರ ಮಾತಿನಲ್ಲಿ ಕರೆಯಲು, ಅದರ ಮಾತಿನಲ್ಲಿ ಸಮಾಧಾನ ಮಾಡಲು ಯಾವ ಕೋರ್ಟೂ ಅಡ್ಡ ಬಂದಿಲ್ಲ.

ಪೋಡಿನ ಮಗುವನ್ನೇ ತೆಗೆದುಕೊಳ್ಳಿ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ, ಯಾವುದು ಎಲ್ಲಿ ಕಟ್ಟುತ್ತದೆ, ಯಾವುದು ಕಚ್ಚುತ್ತದೆ, ಯಾವುದಕ್ಕೆ ಕೈ ಹಾಕಬಹುದು ಎಂದು ಐದು ವರ್ಷಕ್ಕೇ ಹೇಳಬಲ್ಲದು. ವಿಂಗಡಿಸುವುದು, ಹೋಲಿಸುವುದು, ಎಣಿಸುವುದು ಎಲ್ಲವೂ ಆ ಒಂದು ಮಾತುಕತೆಯಲ್ಲಿ ಇದೆ. ಆ ಮಗುವಿಗೆ ರಂಗಪ್ಪ ದೇವರೂ ಹೌದು, ತಮ್ಮ ಕುಲದ ಕುಸುಮಾಲೆಯನ್ನು ಕಟ್ಟಿಕೊಂಡ ಭಾವನೂ ಹೌದು. ದೊಡ್ಡ ಸಂಪಿಗೆ ಮರ ಅದರ ನೆಂಟ. ಅದರ ಮುಂದೆ ನಾವು ಸೇಬು ಮತ್ತು ಪೆಂಗ್ವಿನ್ ಪಟ ಹಿಡಿದು 'ಇದೇನು ಹೇಳು' ಎಂದರೆ ಮಗು ಮೌನವಾಗುತ್ತದೆ; ಮಗು ಮಂದ ಎಂದು ನಾವು ಬರೆದುಕೊಳ್ಳುತ್ತೇವೆ. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ್ದು ಇದೇ ಬೆಟ್ಟದ ಮೇಲೆ. ಚಿಕಿತ್ಸೆಗೆಂದು ಬಂದ ವೈದ್ಯರು ಶಾಲೆಯನ್ನೂ ತೆರೆದರು ಎಂಬುದನ್ನು ನಾವು ಮರೆಯಬಾರದು. ಇನ್ನೂ ಹಿಂದೆ, 1945ರಲ್ಲಿ, ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಾಲವಾಡಿ ತೆರೆದರು. ಆದಿವಾಸಿ ಮಕ್ಕಳು ಕಟ್ಟಡಕ್ಕೆ ಬರುವುದಿಲ್ಲ ಎಂದು ಕಂಡಾಗ ಇಬ್ಬರೂ ಬಾಲವಾಡಿಯನ್ನೇ ಅವರ ಹಟ್ಟಿಯ ಅಂಗಳಕ್ಕೆ ಕೊಂಡೊಯ್ದರು. ಆಟದ ಸಾಮಾನಿಗೆ ಬೀಜ, ಎಲೆ, ಕಲ್ಲು, ಚಿಪ್ಪು. ಇಂಡಿಗನತ್ತ, ತುಳಸಿಕೆರೆ, ನಾಗಮಲೆಯಂಥ ಕಾಡೊಳಗಿನ ಊರುಗಳಿಗೆ ನಾವು ಇಂದು ಯೋಚಿಸಬೇಕಾದ ಬಗೆ ಇದೇ ಎಂದು ನನಗೆ ಅನಿಸುತ್ತದೆ.

ಮಾತು ಎಂದರೆ ಮಗುವಿನ ಮುಂದೆ ಸುಮ್ಮನೆ ಮಾತಾಡುತ್ತಿರುವುದಲ್ಲ. ಇಲ್ಲಿಗೆ ಹತ್ತಿರದ ಒಂದು ಹಳ್ಳಿಯ ರೇಷ್ಮೆ ಹುಳುಮನೆಯಲ್ಲಿ ನಾನು ಕೇಳಿದ ಮಾತುಕತೆಯನ್ನು ಹಾಗೇ ಹೇಳುತ್ತೇನೆ. ಅಜ್ಜಿ ತಟ್ಟೆಗಳನ್ನು ನೋಡುತ್ತಿದ್ದರು, ನಾಲ್ಕು ವರ್ಷದ ಮೊಮ್ಮಗ ಸೆರಗು ಹಿಡಿದು ನಿಂತಿದ್ದ.

'ಅಜ್ಜಿ, ಉಳ ಯಾಕ ಸೊಪ್ಪು ತಿಂತಿಲ್ಲ?'

'ಜ್ವರಕ್ಕ ಕೂತವ ಕಣ್ ಮಗ.'

'ಮಾತ್ರ ಕೊಡದಾ?'

'ಬ್ಯಾಡ. ತಾವೇ ಏಳ್ತವ. ಎದ್ದ ಮ್ಯಾಲ ಚರ್ಮ ಬುಡ್ತವ.'

'ಆವ್ನಂಗಾ?'

'ಊ, ಆವ್ನಂಗೇಯ. ಇದು ಎಷ್ಟ್ನೇ ಜ್ವರ ಏಳು ನೋಡವ?'

ಹುಡುಗ ಬೆರಳು ಮಡಚಿ ಮೂರು ಎಂದ. ಅಜ್ಜಿ ಇನ್ನೊಂದು ಉಳಿದದೆ ಅಂದರು. ರೇಷ್ಮೆಹುಳು ನಾಲ್ಕು ಜ್ವರ ಎದ್ದ ಮೇಲೆ ತಾನೇ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹೋಗುವುದು! ಇದಿಷ್ಟು ನಡೆದದ್ದು ಒಂದು ನಿಮಿಷದೊಳಗೆ. ಕಾರಣ ಕೇಳಿದ್ದು, ತನಗೆ ಗೊತ್ತಿದ್ದ ಕಾಯಿಲೆಗೆ ಹೋಲಿಸಿದ್ದು, ಆ ಹೋಲಿಕೆ ತಪ್ಪೆಂದು ತಿಳಿದ ಕೂಡಲೇ ಹಾವಿನ ಇನ್ನೊಂದು ಹೋಲಿಕೆ ಹುಡುಕಿಕೊಂಡದ್ದು, ಕೊನೆಗೆ ಲೆಕ್ಕ. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಆದರೆ ಮಗುವಿನ ಪ್ರಶ್ನೆಗೆ 'ಸುಮ್ನಿರು' ಎನ್ನಲಿಲ್ಲ, ಉತ್ತರ ಕೊಟ್ಟರು, ತಿರುಗಿ ಒಂದು ಪ್ರಶ್ನೆ ಕೇಳಿದರು. ಎಳೆಯ ಮಿದುಳಿನ ಬೆಳವಣಿಗೆಯನ್ನು ನೋಡುವ ವಿಜ್ಞಾನಿಗಳು ಮುಖ್ಯ ಎನ್ನುವುದು ಈ ಕೊಡುಕೊಳ್ಳುವ ಮಾತನ್ನೇ. ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು ರಾಷ್ಟ್ರೀಯ ಶಿಕ್ಷಣ ನೀತಿ ಬರೆದಿದೆ.

ಇಲ್ಲಿ ಒಂದು ಪ್ರಸಿದ್ಧ ಅಧ್ಯಯನದ ಬಗ್ಗೆ ಎಚ್ಚರಿಕೆ ಹೇಳಬೇಕು. ಅಮೆರಿಕದ ಹಾರ್ಟ್ ಮತ್ತು ರಿಸ್ಲಿ 42 ಕುಟುಂಬಗಳನ್ನು ಗಮನಿಸಿ 1995ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬಡವರ ಮಕ್ಕಳು ಶ್ರೀಮಂತರ ಮಕ್ಕಳಿಗಿಂತ 3 ಕೋಟಿ ಪದಗಳಷ್ಟು ಕಡಿಮೆ ಕೇಳುತ್ತಾರೆ ಎಂಬ ಮಾತು ಅಲ್ಲಿಂದ ಜಗತ್ತೆಲ್ಲ ಹರಡಿತು. ನಮ್ಮ ತರಬೇತಿಗಳಲ್ಲೂ ಅದನ್ನು ಹೇಳುತ್ತಾರೆ. ಆದರೆ ಅದೇ ದೇಶದ ಸ್ಪೆರಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ತಾಯಿಯೊಬ್ಬಳ ಮಾತಿನ ಜೊತೆಗೆ ಮನೆಯ ಇತರರ ಮಾತನ್ನು, ಮಗುವಿನ ಸುತ್ತ ನಡೆಯುವ ಮಾತನ್ನು ಸೇರಿಸಿದರೆ ಆ ಅಂತರ ಅಷ್ಟು ನಿಲ್ಲುವುದಿಲ್ಲ. ಬಡ ಸಮುದಾಯಗಳ ನಡುವೆಯೇ ಬಹಳ ವ್ಯತ್ಯಾಸವಿದೆ. ನಮ್ಮ ಜಗುಲಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಬಡವರ ಮನೆಯಲ್ಲಿ ಮಾತಿಲ್ಲ ಎಂದು ಹೇಳುವ ತಜ್ಞರು ಒಂದು ಸಂಜೆ ಹನೂರಿನ ಯಾವುದಾದರೂ ಹಳ್ಳಿಯ ಅರಳಿಕಟ್ಟೆಯಲ್ಲಿ ಕೂರಬೇಕು. ನಿಜವಾದ ಕೊರತೆ ಬೇರೆ. ಕೂಲಿಗೆ ಬೆಳಗಾಗುವ ಮುಂಚೆ ಹೊರಟು ಕತ್ತಲಾದ ಮೇಲೆ ಬರುವ ತಾಯಿಗೆ ಹೊತ್ತಿಲ್ಲ. ಕೊಡಗಿನ ತೋಟಕ್ಕೆ, ತಮಿಳುನಾಡಿನ ಕಡೆಗೆ ಗಂಡಹೆಂಡಿರು ಗುಳೆ ಹೋದಾಗ ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೇ ಭಾಷೆ ಗೊತ್ತಿಲ್ಲದ ಲೈನ್ ಮನೆಗೆ ಹೋಗುತ್ತದೆ. ಮನೆಯಲ್ಲಿದ್ದಾಗ ಅಳುವ ಮಗುವಿನ ಕೈಗೆ ಮೊಬೈಲು ಬರುತ್ತದೆ. ಮೊಬೈಲು ಮಾತಾಡುತ್ತದೆ, ಮಗು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ.

ಮನೆಯಲ್ಲಿ ಚಿಕ್ಕ ಕೂಸಿದ್ದರೆ ಎತ್ತಿ ಆಡಿಸುವವಳು ಏಳೆಂಟು ವರ್ಷದ ಅಕ್ಕ. ಆ ಅಕ್ಕನ ಓದು ಅಲ್ಲಿಗೆ ಹಿಂದೆ ಬೀಳುತ್ತದೆ. ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹೊರುವ ಕೆಲಸದವಳು. ಸಿಂಗರಾರ್ಯನಂಥ ಗುರು ಸಿಕ್ಕಿದ್ದರಿಂದ 'ಹದಿಬದೆಯ ಧರ್ಮ' ಬರೆದಳು, ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಆ ಕಾಲದಲ್ಲೇ ನೇರವಾಗಿ ಪ್ರಶ್ನಿಸಿದಳು. ಗುರು ಸಿಗದೆ ಹೋದ ಎಷ್ಟು ಹೊನ್ನಮ್ಮರು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಬೆಳೆದರೋ. 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ 'ಕೂಸಿನ ಮನೆ', ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಯಲ್ಲೇ ಆರೈಕೆ ಕೊಡುವ ಯೋಜನೆ, ಚೆನ್ನಾಗಿ ನಡೆದರೆ ತಾಯಿಗಷ್ಟೇ ಅಲ್ಲ, ಈ ಅಕ್ಕಂದಿರಿಗೂ ಬಿಡುಗಡೆ.

ಇನ್ನು ಓದು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, 'ಬಾಲಪ್ರಪಂಚ' ಬರೆದು ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು, ಇವರೆಲ್ಲ ಮಕ್ಕಳಿಗಾಗಿ ದುಡಿದ ನಾಡಿದು. ಈಗ ಬೆಂಗಳೂರಿನ ಪ್ರಥಮ್ ಬುಕ್ಸ್‌ನಂಥವರು ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತರುತ್ತಿದ್ದಾರೆ. ಅವರ ಸ್ಟೋರಿವೀವರ್ ತಾಣದಲ್ಲಿ ಕತೆಗಳು ಉಚಿತವಾಗಿ ಸಿಗುತ್ತವೆ. ಆದರೂ ಐದು ವರ್ಷದ ಮಗು ಮುಟ್ಟಬಹುದಾದ ಒಂದು ಚಿತ್ರಪುಸ್ತಕವೂ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ನಮಗೆ ಓದಲು ಬರುವುದಿಲ್ಲವಲ್ಲ, ಮಗುವಿಗೆ ಏನು ಓದಿಸೋಣ ಎಂದು ತಾಯಂದಿರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ: ಪುಟ ತೆರೆಯಿರಿ, ಚಿತ್ರ ನೋಡಿ, ನಿಮಗೆ ತೋಚಿದ ಕತೆ ಹೇಳಿ. ಆಮೇಲೆ ಮಗುವಿಗೆ ಕೇಳಿ, ಈ ಮುದುಕ ಎಲ್ಲಿಗೆ ಹೊರಟಿದ್ದಾನೆ, ನಾಯಿ ಯಾಕೆ ಹಿಂದೆ ಬರುತ್ತಿದೆ? ಮಗು ಒಂದು ಮಾತು ಹೇಳಿದರೆ ನೀವು ಅದಕ್ಕೆ ಎರಡು ಸೇರಿಸಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಪುಸ್ತಕವನ್ನು ತಮ್ಮ ಎಂದಿನ ರೀತಿಯಲ್ಲೇ ಓದಿದ ಮನೆಗಳ ಮಕ್ಕಳಿಗಿಂತ, ಕೇಳುತ್ತ ಹೇಳಿಸುತ್ತ ಓದಿದ ಮನೆಗಳ ಮಕ್ಕಳ ಮಾತು ಕೆಲವೇ ವಾರಗಳಲ್ಲಿ ಮುಂದೆ ಹೋಗಿತ್ತು. ಅಕ್ಷರ ಬಾರದ ತಾಯಿ ಇದನ್ನು ಖಂಡಿತ ಮಾಡಬಲ್ಲಳು.

ಪುಸ್ತಕ ಎಲ್ಲಿಂದ ತರುವುದು? ಹಳ್ಳಿಯಲ್ಲೇ ಇದೆ ಜಾಗ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು, ಅನೇಕ ಗ್ರಂಥಾಲಯಗಳು ಅರಿವು ಕೇಂದ್ರಗಳಾದವು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ನಾನು ಕಂಡ ಕಪಾಟುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳು ಕೈಗೆ ಸಿಗುವ ಕಡೆ ಇದ್ದವು, ಚಿತ್ರಪುಸ್ತಕಗಳು ಹರಿಯಬಾರದೆಂದು ಗಾಜಿನ ಬೀರುವಿನಲ್ಲಿ ಬೀಗದೊಳಗೆ. ಮಕ್ಕಳ ಪುಸ್ತಕ ಹರಿದರೆ ಅದು ಉಪಯೋಗವಾಗಿದೆ ಎಂದು ಅರ್ಥ. ಮೇಲ್ವಿಚಾರಕರ ಮೇಲೆ ತಪ್ಪು ಹೊರಿಸುವುದು ಬೇಡ. ಲೆಕ್ಕ ಒಪ್ಪಿಸಬೇಕಾದವರು ಅವರು. ಹರಿದ ಪುಸ್ತಕವನ್ನು ಪ್ರಶ್ನೆಯಿಲ್ಲದೆ ಲೆಕ್ಕದಿಂದ ತೆಗೆಯುವ ಅವಕಾಶವನ್ನು ಮೇಲಿನವರು ಕೊಡಬೇಕು.

ಆಟದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ತಂದೆತಾಯಿಗಳು ಹೆಚ್ಚು ಅನುಮಾನಪಡುವುದು ಇದನ್ನೇ. 'ಅಂಗನವಾಡಿಯಲ್ಲಿ ಏನ್ ಕಲಿಸ್ತಾರೆ? ಬರೀ ಆಟ' ಎನ್ನುತ್ತಾರೆ. ಮಾದಪ್ಪನ ಜಾತ್ರೆ ಮುಗಿದ ವಾರ ನಮ್ಮ ಮಕ್ಕಳು ಆಡುವುದನ್ನು ನೀವೂ ಕಂಡಿರುತ್ತೀರಿ. ಒಂದು ಇಟ್ಟಿಗೆ ಹುಲಿವಾಹನ. ಎರಡು ತೆಂಗಿನ ಚಿಪ್ಪು ಕಂಸಾಳೆ. ಒಬ್ಬ ತಂಬಡಿ (ಮಾದಪ್ಪನ ಪೂಜಾರಿ), ಒಬ್ಬಳು ಹಣ್ಣುಕಾಯಿ ಮಾರುವವಳು, ಮಣ್ಣೇ ಪ್ರಸಾದ. ಚಿಕ್ಕವನೊಬ್ಬ 'ನಾನೂ ತಂಬಡಿ' ಎಂದು ಹಟ ಮಾಡುತ್ತಾನೆ. 'ನೀ ಬಸ್ ಓಡ್ಸು, ಆಮೇಲೆ ತಂಬಡಿ ಆಗು' ಎಂದು ಅಕ್ಕ ಒಪ್ಪಂದ ಮಾಡಿಸುತ್ತಾಳೆ. ಇಲ್ಲಿ ನಡೆದದ್ದನ್ನು ಬಿಡಿಸಿ ನೋಡಿ. ತೆಂಗಿನ ಚಿಪ್ಪು ಚಿಪ್ಪೆಂದು ಗೊತ್ತಿದ್ದೂ ಅದನ್ನು ಕಂಚಿನ ತಾಳವೆಂದು ಮಗು ಒಪ್ಪಿಕೊಂಡಿದೆ. ಒಂದು ವಸ್ತು ಇನ್ನೊಂದರ ಪರವಾಗಿ ನಿಲ್ಲಬಲ್ಲದು ಎಂಬ ತಿಳಿವಳಿಕೆ ಅದು. 'ಕ' ಎಂಬ ಗೆರೆ ಒಂದು ಸದ್ದಿನ ಪರವಾಗಿ ನಿಲ್ಲುತ್ತದೆ ಎಂದು ಒಪ್ಪಿಕೊಳ್ಳಲು ಬೇಕಾದದ್ದೂ ಇದೇ ತಿಳಿವಳಿಕೆ. ರಷ್ಯಾದ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಕೋಲನ್ನು ಕುದುರೆ ಮಾಡಿಕೊಳ್ಳುವ ಮಗು ಅರ್ಥವನ್ನು ವಸ್ತುವಿನಿಂದ ಬೇರ್ಪಡಿಸಲು ಕಲಿಯುತ್ತದೆ ಎಂದು ವಿವರಿಸಿದ. ಇಟ್ಟಿಗೆಯನ್ನು ಹುಲಿ ಮಾಡಿದವನಿಗೆ ಅಕ್ಷರ ಕಲಿಸುವುದು ಸುಲಭ. ಆಡಲು ಬಿಡದೆ ಕೂರಿಸಿ ತಿದ್ದಿಸಿದವನಿಗೆ ಅಕ್ಷರವೆಂದರೆ ಬರೀ ಗೆರೆ.

ಅಳಿಗುಳಿ ಮಣೆಯ ಎರಡು ಸಾಲು ಗುಳಿಗಳಿಗೆ ಹುಣಸೆ ಬೀಜ ಹಂಚುತ್ತ ಹೋಗುವ ಮಗು ಬಾಯಿಪಾಠವಿಲ್ಲದೆ ಎಣಿಕೆ ಕಲಿಯುತ್ತದೆ. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಕಲ್ಲಾಟ, ಒಗಟು, ಇವನ್ನೆಲ್ಲ ವಿವರಿಸುತ್ತ ಹೋಗುವುದಿಲ್ಲ. ಕೈಬೆರಳಿನ ಸಣ್ಣ ಸ್ನಾಯುಗಳು ಗಟ್ಟಿಯಾಗುವುದು ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಹೂ ಪೋಣಿಸುವಾಗ, ಜೇಡಿಮಣ್ಣು ಮಿದಿಯುವಾಗ. ಅದಕ್ಕೂ ಮುಂಚೆ ಪೆನ್ಸಿಲ್ ಹಿಡಿಸಿದರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಕೈ ನೋಯುತ್ತದೆ, ಬರೆಯುವುದೆಂದರೆ ಶಿಕ್ಷೆ ಎಂದು ತಿಳಿಯುತ್ತದೆ.

ಪೇಟೆಯಲ್ಲಿ ಮೂರು ವರ್ಷಕ್ಕೇ ವ್ಯಾನು ಹತ್ತಿಸಿ ಇಂಗ್ಲಿಷ್ ಎಲ್‌ಕೆಜಿಗೆ ಕಳಿಸುವ ತಂದೆತಾಯಿಗಳನ್ನು ನಾನು ಬೈಯುವುದಿಲ್ಲ. ಇಂಗ್ಲಿಷ್ ಬಾರದೆ ತಾವು ಪಟ್ಟ ಪಾಡು ಅವರಿಗೆ ನೆನಪಿದೆ. ಆದರೆ ಮೊದಲ ಭಾಷೆಯಲ್ಲಿ ಯೋಚಿಸಲು, ಕತೆ ಕಟ್ಟಲು, ಕಾರಣ ಕೇಳಲು ಕಲಿತ ಮಗು ಅದನ್ನು ಎರಡನೆಯ ಭಾಷೆಗೂ ಒಯ್ಯುತ್ತದೆ. ಕೆನಡಾದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತ ಬಂದದ್ದು ಇದನ್ನೇ. ನರ್ಸರಿಯ ಹೋಂವರ್ಕಿನಲ್ಲಿ ಹತ್ತು ಸಲ ಬರೆದ ಏ ಬಿ ಸಿ ಡಿ ಇಂಗ್ಲಿಷ್ ಅಲ್ಲ.

ಕೊನೆಗೆ ಈ ಕೆಲಸ ಮಾಡಬೇಕಾದವರ ಮಾತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಮೊದಲ ಯೋಜನೆ ನಡೆದದ್ದು ಇಲ್ಲೇ ಪಕ್ಕದ ತಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಶಾಲಾಪೂರ್ವ ಶಿಕ್ಷಣಕ್ಕೆ 'ಚಿಲಿಪಿಲಿ' ಎಂಬ ಪಠ್ಯಕ್ರಮವಿದೆ, ಆಟ ಮತ್ತು ಕತೆಗೆ ಅದರಲ್ಲಿ ಜಾಗವಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ 'ನಲಿಕಲಿ' ಪದ್ಧತಿ ಒಂದನೇ ತರಗತಿಯ ಬಾಗಿಲಲ್ಲಿ ಕಾಯುತ್ತಿದೆ. ಕಾಗದದ ಮೇಲೆ ಕೊರತೆಯಿಲ್ಲ. ಕಾರ್ಯಕರ್ತೆಗೆ ಹೊತ್ತಿನ ಕೊರತೆ. ತೂಕ ನೋಡಬೇಕು, ಆಹಾರ ಹಂಚಬೇಕು, ಪೋಷಣ್ ಟ್ರ್ಯಾಕರ್‌ಗೆ ಮಾಹಿತಿ ತುಂಬಬೇಕು, ಬೆಟ್ಟದ ಊರಿನಲ್ಲಿ ಸಿಗ್ನಲ್ ಹುಡುಕಿ ದಿಬ್ಬ ಹತ್ತಬೇಕು, ಸಮೀಕ್ಷೆಗೆ ಹೋಗಬೇಕು. ಇಷ್ಟೆಲ್ಲ ಮಾಡಿಸಿಕೊಂಡು ಸಂಬಳವೆಂದು ಕರೆಯದೆ ಗೌರವಧನ ಎನ್ನುತ್ತೇವೆ. ಮೂರು ವರ್ಷದ ಇಪ್ಪತ್ತು ಮಕ್ಕಳೊಂದಿಗೆ ಮಾತಾಡುವುದು ತರಬೇತಿ ಬೇಡುವ, ಇಡೀ ಗಮನ ಬೇಡುವ ಕೆಲಸ. ಬೆಳಗ್ಗೆ ಒಂದು ಗಂಟೆ ಹೊತ್ತು ಕಾರ್ಯಕರ್ತೆಯರನ್ನು ಯಾರೂ ಮುಟ್ಟಬಾರದು. ಫೋನು, ರಿಜಿಸ್ಟರು, ಮೇಲಧಿಕಾರಿಯ ಕರೆ ಯಾವುದೂ ಬೇಡ. ಆ ಗಂಟೆ ಕತೆಗೆ, ಮಾತಿಗೆ, ಆಟಕ್ಕೆ.

ಪಂಚಾಯಿತಿ ಸದಸ್ಯರು ಈ ಸಭೆಯಲ್ಲಿದ್ದೀರಿ. ನಿಮ್ಮ ಅರಿವು ಕೇಂದ್ರದಲ್ಲಿ ಮೊಣಕಾಲೆತ್ತರದ ಒಂದು ತೆರೆದ ಕಪಾಟು ಮಾಡಿಸಿ, ಅದರಲ್ಲಿ ಚಿತ್ರಪುಸ್ತಕ ಇಡಿ, ಬೀಗ ಹಾಕಬೇಡಿ. ಪೋಡಿನ ಅಂಗನವಾಡಿಗೆ ಸೋಲಿಗ ನುಡಿ ಬಲ್ಲ ಹೆಣ್ಣುಮಗಳನ್ನೇ, ಮಾರ್ಟಳ್ಳಿ ಕಡೆಗೆ ತಮಿಳೂ ಕನ್ನಡವೂ ಬಲ್ಲವರನ್ನೇ ಕೊಡಿ ಎಂದು ಇಲಾಖೆಯನ್ನು ಕೇಳಿ. ಕಂಸಾಳೆಯ, ತಂಬೂರಿಯ ಹಿರಿಯರು ತಿಂಗಳಿಗೊಮ್ಮೆ ಮಕ್ಕಳ ನಡುವೆ ಬಂದು ಕೂರಲಿ, ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಪಂಚಾಯಿತಿ ಕೊಡಲಿ.

ದತ್ತಿದಾನಿಗಳಲ್ಲಿ ಒಂದು ಬೇಡಿಕೆ. ಮುಂದಿನ ವರ್ಷದಿಂದ ಉಪನ್ಯಾಸಕರಿಗೆ ಹಾರ, ಶಾಲು, ಫಲತಾಂಬೂಲ ಬೇಡ. ಆ ಹಣಕ್ಕೆ ಕನ್ನಡದ ಚಿತ್ರಪುಸ್ತಕಗಳನ್ನು ಕೊಂಡು ಈ ಮೂರು ತಾಲ್ಲೂಕಿನ ಯಾವುದಾದರೂ ಒಂದು ಅಂಗನವಾಡಿಗೆ ಕಳಿಸಿ. ಇವತ್ತು ನನಗೆ ಕೊಡಬೇಕೆಂದಿರುವ ಸಂಭಾವನೆಯನ್ನೂ ಅದಕ್ಕೇ ಸೇರಿಸಿಕೊಳ್ಳಿ.